ಮ್ಯಾಗ್ನೆಟ್‌ನಲ್ಲೇ ಸಿಕ್ಕಿಕೊಂಡ ಪುಲ್ಲರ್

ಪ್ರಶ್ನೆ: ಬೈಕಿನ ಟೈಮಿಂಗ್ ಚೈನ್ ಬದಲಿಸಲು ಮ್ಯಾಗ್ನೆಟ್ ಬಿಚ್ಚುವಾಗ ಪುಲ್ಲರ್ ಜಾಮ್ ಆಗುವುದೇಕೆ? ಬಿಡಿಸುವುದು ಹೇಗೆ?

ಉತ್ತರ: 100 ಸಿಸಿಯ ಅನೇಕ ಬೈಕುಗಳಲ್ಲಿ ಟೈಮಿಂಗ್ ಚೈನ್ ಇರುವುದು ಮ್ಯಾಗ್ನೆಟ್‌ನ ಹಿಂದೆ. ಕ್ರ್ಯಾಂಕ್‌ನ ಇಳಿಜಾರು ತುದಿಯ ಮೇಲೆ ಮ್ಯಾಗ್ನೆಟ್ ಬಿಗಿಯಾಗಿ ಕೂತಿರುತ್ತದೆ. ಅದನ್ನು ಎಳೆದು ತೆಗೆಯುವ ಪುಲ್ಲರ್ ಮ್ಯಾಗ್ನೆಟ್‌ನ ಥ್ರೆಡ್ಡಿಗೆ ಕಚ್ಚಿಕೊಂಡರೆ, ನಡುವಿನ ಬೋಲ್ಟು ಕ್ರ್ಯಾಂಕನ್ನು ಒತ್ತುತ್ತದೆ. ಆ ಒತ್ತಡವೆಲ್ಲ ಬೀಳುವುದು ಸಣ್ಣ ಥ್ರೆಡ್ಡುಗಳ ಮೇಲೆ. ಅಲ್ಲಿ ತುಕ್ಕು, ಮಣ್ಣು ಇದ್ದರೆ ಅಥವಾ ಗ್ರೀಸ್ ಇಲ್ಲದಿದ್ದರೆ ಲೋಹಕ್ಕೆ ಲೋಹ ಉಜ್ಜಿ, ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ.

ಜಾಮ್ ಆದರೆ ಪೈಪ್ ಹಾಕಿ ತಿರುಗಿಸಬೇಡಿ. ಮೊದಲು ನಡುವಿನ ಬೋಲ್ಟು ಸಡಿಲಿಸಿ, ಒತ್ತಡ ಇಳಿಸಿ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಕೆಲವು ಗಂಟೆ ಕಾಯಿರಿ. ನಂತರ ಕಾಲು ಸುತ್ತು ಮುಂದೆ, ಕಾಲು ಸುತ್ತು ಹಿಂದೆ ಆಡಿಸುತ್ತಾ ಬಿಡಿಸಿ. ಕೆಲವು ಮಾಡೆಲ್‌ಗಳಲ್ಲಿ ಈ ಥ್ರೆಡ್ ಉಲ್ಟಾ ಇರುತ್ತದೆ. ಅದನ್ನು ಮೊದಲೇ ನೋಡಿಕೊಳ್ಳಿ. ಗ್ಯಾಸ್ ಬೆಂಕಿ ಹಿಡಿಯಬೇಡಿ, ಅತಿಯಾದ ಶಾಖಕ್ಕೆ ಆಯಸ್ಕಾಂತದ ಶಕ್ತಿ ಕುಂದುತ್ತದೆ.

ಮುಂದಿನ ಸಲ ಥ್ರೆಡ್ ಬ್ರಷ್‌ನಿಂದ ಉಜ್ಜಿ, ಗ್ರೀಸ್ ಸವರಿ, ಪುಲ್ಲರನ್ನು ಕೊನೆಯವರೆಗೂ ಕೈಯಲ್ಲೇ ತಿರುಗಿಸಿ ಕೂರಿಸಿ. ಎರಡೇ ಸುತ್ತು ಹಿಡಿದ ಪುಲ್ಲರ್ ಮ್ಯಾಗ್ನೆಟ್‌ನ ಥ್ರೆಡ್ಡನ್ನೇ ಕಿತ್ತುಕೊಂಡು ಬರುತ್ತದೆ.

ಹೊಸ ಚೈನ್ ಹಾಕುವಾಗ ಮ್ಯಾಗ್ನೆಟ್‌ನ 'ಟಿ' ಗುರುತು ಮತ್ತು ಕ್ಯಾಮ್ ಸ್ಪ್ರಾಕೆಟ್‌ನ ಗುರುತು ಎರಡೂ ತಂತಮ್ಮ ಜಾಗಕ್ಕೆ ಬಂದಿರಬೇಕು. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ತಿರುಗುವುದು ಒಂದೇ ಸುತ್ತು. ಹಾಗಾಗಿ ಕಿಕ್ ಹೊಡೆಯುವ ಮೊದಲು ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ ಗುರುತುಗಳನ್ನು ಮತ್ತೆ ನೋಡಿ. ಎಲ್ಲಾದರೂ ತಡೆದರೆ ಅಲ್ಲೇ ನಿಲ್ಲಿಸಿ. ಬಲವಂತ ಮಾಡಿದರೆ ವಾಲ್ವ್ ಬಾಗಬಹುದು.