ಲೋಹದ ಪೊರೆಯಲ್ಲಿ ಎಲೆಕ್ಟ್ರಾನುಗಳ ಅಲೆ

ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕಿಸುವ ವಾಡಿಕೆ ನಮಗೆಲ್ಲ ತಿಳಿದುದೇ. ತವರದ ಲೇಪ ಒಳಗನ್ನೆಲ್ಲ ಮುಚ್ಚಿದ ಮೇಲೆ ಹುಳಿಗೆ ಹಿತ್ತಾಳೆಯ ಸೋಂಕಿಲ್ಲ. ತೆಳುವೆಂದರೂ ಆ ಲೇಪ ಸಾವಿರಾರು ಪರಮಾಣುಗಳಷ್ಟು ದಪ್ಪ. ಅದನ್ನು ಹತ್ತಿಪ್ಪತ್ತು ಪರಮಾಣುಗಳಷ್ಟಕ್ಕೆ ಇಳಿಸಿದರೆ ಅಡಿಯ ಲೋಹವು ಆಗಲೂ ಮರೆಯಾಗಿಯೇ ಇರುವುದೇ?

ಲೋಹದಲ್ಲಿ ಅಸಂಖ್ಯ ಎಲೆಕ್ಟ್ರಾನುಗಳು ಸ್ವತಂತ್ರವಾಗಿ ಚಲಿಸುತ್ತವೆ. ಒಂದೆಡೆ ಅವು ಒತ್ತರಿಸಿದರೆ ಪರಸ್ಪರ ವಿಕರ್ಷಣೆಯಿಂದ ಹಿಂದಕ್ಕೆ ಸರಿಯುತ್ತವೆ. ಸರಿದ ರಭಸದಲ್ಲಿ ನೆಲೆಯನ್ನು ಮೀರಿ ಮತ್ತೆ ಮರಳುತ್ತವೆ. ಹೀಗೆ ಇಡೀ ಸಮೂಹವೇ ಒಂದಾಗಿ ತೂಗಾಡುವುದು. ಈ ಸಾಮೂಹಿಕ ಕಂಪನದ ಶಕ್ತಿಯ ಕಂತನ್ನು ಪ್ಲಾಸ್ಮಾನ್ ಎನ್ನುತ್ತೇವೆ. ಅಲ್ಯೂಮಿನಿಯಮ್ಮಿನ ಒಡಲಲ್ಲಿ ಈ ಕಂತು ಸುಮಾರು ೧೫ ಎಲೆಕ್ಟ್ರಾನ್ ವೋಲ್ಟ್. ಎಂದರೆ ಸೆಕೆಂಡಿಗೆ ಸುಮಾರು ೩೬ ಕೋಟಿ ಕೋಟಿ ಕಂಪನಗಳು! ಮೇಲ್ಮೈಗೆ ಅಂಟಿಕೊಂಡು ಸಾಗುವ, ಇನ್ನೂ ಕಡಿಮೆ ಶಕ್ತಿಯ ಅಲೆಯೊಂದಿರಬೇಕೆಂದು ರಿಚಿ ಎಂಬ ವಿಜ್ಞಾನಿ ೧೯೫೭ರಲ್ಲಿ ಗಣಿತದಿಂದ ತೋರಿಸಿದನು. ೧೯೫೯ರಲ್ಲಿ ಪೊವೆಲ್ ಮತ್ತು ಸ್ವಾನ್ ಎಲೆಕ್ಟ್ರಾನುಗಳನ್ನು ಅಲ್ಯೂಮಿನಿಯಮ್ಮಿನತ್ತ ಹಾಯಿಸಿ, ಅವು ಕಳೆದುಕೊಂಡ ಶಕ್ತಿಯನ್ನು ಅಳೆದು, ೧೦ ಎಲೆಕ್ಟ್ರಾನ್ ವೋಲ್ಟಿನ ಆಸುಪಾಸಿನಲ್ಲಿ ಅದನ್ನು ಕಂಡರು.

ಮೇಲ್ಮೈಯ ಅಲೆ ಎಷ್ಟು ಆಳಕ್ಕೆ ಇಳಿಯುತ್ತದೆ? ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯಕ್ಕೆ ಸಮೀಪದಲ್ಲಿರುವ ಭದ್ರಾ ಜಲಾಶಯವನ್ನು ನೆನೆಯೋಣ. ಗಾಳಿಗೆ ಎದ್ದ ಅಲೆಯ ಚಲನೆ, ಅದರ ಉದ್ದದ ಅರ್ಧದಷ್ಟು ಆಳಕ್ಕೆ ಹೋಗುವಷ್ಟರಲ್ಲಿ ಬಹುಮಟ್ಟಿಗೆ ಅಡಗಿಹೋಗುವುದು. ನಡುನೀರಿನ ಕಿರುದೆರೆಗೆ ತಳದ ಅರಿವೇ ಇಲ್ಲ. ದಡದ ತೆಳುನೀರಿಗೆ ಬಂದ ಉದ್ದನೆಯ ಅಲೆಗಾದರೋ ತಳವು ತಾಕುತ್ತದೆ.

ಲೋಹದಲ್ಲಿಯೂ ಹೀಗೆಯೇ. ಅಲ್ಯೂಮಿನಿಯಮ್ಮಿನ ಮೇಲೆ ಸೋಡಿಯಮ್ಮಿನ ತೆಳುಪೊರೆಯಿದೆಯೆನ್ನೋಣ. ಅಲೆಯ ಉದ್ದ ಪೊರೆಯ ದಪ್ಪಕ್ಕಿಂತ ಬಹಳ ಕಿರಿದಾಗಿದ್ದರೆ, ಪೊರೆಯು ಸೋಡಿಯಮ್ಮಿನ ಗಟ್ಟಿಯಂತೆಯೇ ಸುಮಾರು ೪ ಎಲೆಕ್ಟ್ರಾನ್ ವೋಲ್ಟಿನ ಉತ್ತರ ಕೊಡುತ್ತದೆ. ಅಲೆ ಬಹು ಉದ್ದವಾದರೆ ಅದರ ವಿದ್ಯುತ್ ಕ್ಷೇತ್ರವು ಪೊರೆಯನ್ನು ದಾಟಿ ಕೆಳಗಿಳಿಯುವುದು. ಪೊರೆಯೇ ಇಲ್ಲವೇನೋ ಎಂಬಂತೆ ಅಲ್ಯೂಮಿನಿಯಮ್ಮಿನ ಕಂಪನ ಮೇಲೆ ಕಾಣಿಸುವುದು. ಆದುದರಿಂದ ಮರೆಯು ಪೂರ್ಣವಲ್ಲ; ನಾವು ಯಾವ ಅಲೆಯಿಂದ ಪರೀಕ್ಷಿಸುತ್ತೇವೆ ಎಂಬುದರ ಮೇಲೆ ಉತ್ತರ ನಿಂತಿದೆ.

ಪೊರೆ ಒಂದೆರಡು ಪರಮಾಣುಗಳಷ್ಟೇ ಆದಾಗ ಈ ನೀರಿನ ಹೋಲಿಕೆಯೂ ಸಾಲದು. ಅಲ್ಲಿ ಎಲೆಕ್ಟ್ರಾನುಗಳನ್ನು ನುಣುಪಾದ ದ್ರವವೆಂದು ಎಣಿಸಲಾಗದೆ ಕ್ವಾಂಟಮ್ ಸಿದ್ಧಾಂತಕ್ಕೆ ಮೊರೆಹೋಗಬೇಕು. ಈ ವಿಚಾರ ಬರಿಯ ಕುತೂಹಲದ್ದಲ್ಲ. ಗಾಜಿನ ಮೇಲಣ ಚಿನ್ನದ ಪೊರೆಯಲ್ಲಿ ಇಂಥವೇ ಅಲೆಗಳನ್ನೆಬ್ಬಿಸಿ, ಅದಕ್ಕೆ ಅಂಟಿದ ಪ್ರೋಟೀನುಗಳನ್ನು ಇಂದು ಪ್ರಯೋಗಶಾಲೆಗಳಲ್ಲಿ ಗುರುತಿಸುತ್ತಾರೆ. ಲೋಹದ ಮೈಮೇಲೆ ಕುಳಿತಿರುವುದೇನೆಂಬುದನ್ನು ಅದರ ಎಲೆಕ್ಟ್ರಾನುಗಳ ತೂಗಾಟವೇ ಹೇಳಬಲ್ಲುದು.