ಆಟ ದಾರಿ ತಪ್ಪಿದಾಗ: ಭಾಗವತ, ಸಾರಥಿ ಮತ್ತು ಮೇಜಿನ ಸೂತ್ರಧಾರ

ನಾಲ್ಕೈದು ಜನ ಒಂದು ಮೇಜಿನ ಸುತ್ತ ಕುಳಿತು, ತಲೆಗೊಂದು ಪಾತ್ರ ವಹಿಸಿಕೊಂಡು, ವೇಷವೂ ರಂಗವೂ ಇಲ್ಲದೆ ಬರಿಯ ಮಾತಿನಿಂದಲೇ ಕತೆಯೊಂದನ್ನು ಕಟ್ಟುತ್ತ ಹೋಗುವ ಆಟಕ್ಕೆ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಎಂದು ಹೆಸರು. ಕನ್ನಡದಲ್ಲಿ ಇದನ್ನು ಸುಮ್ಮನೆ ಪಾತ್ರದಾಟ ಎನ್ನಬಹುದು. ಸೈನ್ಯದ ಗೊಂಬೆಗಳನ್ನು ನಕ್ಷೆಯ ಮೇಲೆ ನಡೆಸುವ ಯುದ್ಧದಾಟಗಳಲ್ಲಿ ಪಳಗಿದ್ದ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಈ ಬಗೆಯ ಆಟಗಳಲ್ಲಿ ಅಚ್ಚಾಗಿ ಮಾರಾಟಕ್ಕೆ ಬಂದ ಮೊದಲನೆಯದು. ಆಟಗಾರರಲ್ಲಿ ಒಬ್ಬನು ಯಾವ ನಾಯಕನ ಪಾತ್ರವನ್ನೂ ವಹಿಸದೆ ಕತೆಯ ಊರು, ಕಾಡು, ಶತ್ರು, ಹವೆ ಎಲ್ಲವೂ ತಾನಾಗಿ, ಉಳಿದವರು ಹೇಳಿದ ಪ್ರತಿಯೊಂದು ಕ್ರಿಯೆಯ ಫಲವನ್ನು ತಿಳಿಸುತ್ತ ಹೋಗುತ್ತಾನೆ. ಇಂಥವನನ್ನು ಸೂತ್ರಧಾರ ಎಂದು ಕರೆಯುವುದು ನಮಗೆ ಸಹಜ. ಫಲ ಅನಿಶ್ಚಿತವಾದಲ್ಲಿ ಇಪ್ಪತ್ತು ಮುಖದ ದಾಳ ಉರುಳಿಸಿ ನಿರ್ಣಯಿಸುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ರೂಢಿ.

ಆಟದ ಹೆಸರು ಪರದೇಶದ್ದಾದರೂ ಅದರ ವಿಧಾನ ಕನ್ನಡಿಗರಿಗೆ ಹೊಸದಲ್ಲ. ಕಾಸರಗೋಡು, ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಹಾಗೂ ಮಲೆನಾಡಿನ ಕೆಲವು ಭಾಗಗಳಲ್ಲಿ ನಡೆಯುವ ತಾಳಮದ್ದಳೆಯಲ್ಲಿ ಯಕ್ಷಗಾನದ ಬಣ್ಣ, ಕುಣಿತ, ಕಿರೀಟಗಳೆಲ್ಲ ಕಳಚಿ ಹೋಗಿ, ಹಾಡುಗಾರನಾದ ಭಾಗವತನು ಪ್ರಸಂಗದ, ಅಂದರೆ ಅಂದಿನ ಕಥಾಭಾಗದ, ಪದ್ಯವನ್ನು ಹಾಡಿದ ಮೇಲೆ ಅರ್ಥಧಾರಿ ಎನಿಸಿದ ಕಲಾವಿದ ಕುಳಿತಲ್ಲಿಂದಲೇ ಆ ಪದ್ಯದ ಆಶಯವನ್ನು ಪಾತ್ರವಾಗಿ ಮಾತಿನಲ್ಲಿ ಬೆಳೆಸುತ್ತಾನೆ. ಪದ್ಯ ಮೊದಲೇ ರಚಿತವಾದದ್ದು, ಮಾತು ಮಾತ್ರ ಆ ಹೊತ್ತಿನಲ್ಲೇ ಹುಟ್ಟುವಂಥದ್ದು. ಇತ್ತ ರಾಯಚೂರು ಸೀಮೆಯಲ್ಲಿ, ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ನಡುವಿನ ಬಳಗಾನೂರಿನಂಥ ಊರುಗಳ ಸುತ್ತಮುತ್ತ ಪರಿಚಿತವಾಗಿರುವ ದೊಡ್ಡಾಟದಲ್ಲಿ ಮಾತು ಬಹುಮಟ್ಟಿಗೆ ಬಾಯಿಪಾಠದ್ದಾದರೂ, ಪಾತ್ರಧಾರಿಗಳು ವೃತ್ತಿಯವರಲ್ಲದೆ ಹೊಲ ಮನೆ ಮಾಡಿಕೊಂಡಿರುವ ಊರವರೇ ಆಗಿರುವುದರಿಂದ, ಆಟ ನಡೆಸುವವರಿಗೆ ಎದುರಾಗುವ ತೊಡಕುಗಳು ಮೇಜಿನ ಸೂತ್ರಧಾರನ ತೊಡಕುಗಳಿಗೆ ತೀರ ಹತ್ತಿರದವು. ಪಾತ್ರದಾಟದ ಕೈಪಿಡಿಗಳು ಕಳೆದ ಅರ್ಧ ಶತಮಾನದಲ್ಲಿ ಪುಟಗಟ್ಟಲೆ ಚರ್ಚಿಸಿರುವ ಎಷ್ಟೋ ಸಮಸ್ಯೆಗಳಿಗೆ ಈ ಎರಡು ಕಲೆಗಳಲ್ಲಿ ಬಳಕೆಯಿಂದ ಮಾಗಿದ ಉತ್ತರಗಳಿವೆ. ಅವುಗಳಲ್ಲಿ ಹೆಚ್ಚಿನವು ಆಟವನ್ನು ನಿಲ್ಲಿಸದೆ ಆಟದೊಳಗಿನಿಂದಲೇ ಆಟವನ್ನು ತಿದ್ದುವ ಉಪಾಯಗಳು.

ಎಲ್ಲಕ್ಕಿಂತ ಸಾಮಾನ್ಯವಾದ ತೊಡಕು, ಒಬ್ಬನೇ ಮಾತನ್ನೆಲ್ಲ ಹಿಡಿದುಕೊಳ್ಳುವುದು. ಪಾತ್ರದಾಟದಲ್ಲಿ ಚುರುಕು ಬಾಯಿಯ ಆಟಗಾರನೊಬ್ಬ ಪ್ರತಿಯೊಂದು ಬಾಗಿಲನ್ನೂ ತಾನೇ ತೆರೆದು, ಪ್ರತಿಯೊಬ್ಬ ಅಪರಿಚಿತನೊಡನೆಯೂ ತಾನೇ ಮಾತಾಡಿ, ಉಳಿದವರನ್ನು ಪ್ರೇಕ್ಷಕರನ್ನಾಗಿ ಮಾಡಿಬಿಡುತ್ತಾನೆ. ತಾಳಮದ್ದಳೆಯಲ್ಲಿ ಇದರ ಪ್ರಸಿದ್ಧ ರೂಪವೆಂದರೆ ಪೀಠಿಕೆ, ಅಂದರೆ ಪಾತ್ರ ಮೊದಲು ಬಾಯಿ ತೆರೆದಾಗ ತನ್ನ ಹಿನ್ನೆಲೆ, ಸ್ಥಿತಿ, ಉದ್ದೇಶಗಳನ್ನು ಹೇಳಿಕೊಳ್ಳುವ ಭಾಷಣ. ಸಮರ್ಥನ ಬಾಯಲ್ಲಿ ಅದು ಕೇಳುವಂತಿದ್ದರೂ, ಅಳತೆ ಮೀರಿದಾಗ ಇದಿರು ಕುಳಿತವನ ಪಾಲಿನ ಹೊತ್ತನ್ನೂ ನುಂಗುತ್ತದೆ. ಹೀಗಾದಾಗ ಭಾಗವತ ಯಾರನ್ನೂ ಗದರುವುದಿಲ್ಲ. ಮಾತಿನ ನಡುವೆ ಉಸಿರಿಗೆ ತೆರವಾದ ಒಂದು ಕ್ಷಣವನ್ನು ಕಾದು ತಾಳ ಮುಟ್ಟಿ ಮುಂದಿನ ಪದ್ಯವನ್ನು ಎತ್ತಿದನೆಂದರೆ, ಮದ್ದಳೆಯವನೂ ಕೂಡಿಕೊಂಡು, ಮಾತಾಡುತ್ತಿದ್ದವನು ಮರ್ಯಾದೆಗೆ ಕುಂದಿಲ್ಲದೆ ನಿಲ್ಲಿಸಲೇಬೇಕಾಗುತ್ತದೆ. ಆ ಪದ್ಯ ಇದಿರು ಪಾತ್ರದ್ದಾಗಿದ್ದರೆ ಮಾತಿನ ಸರದಿಯೂ ತಾನಾಗಿ ಆಚೆ ದಾಟುತ್ತದೆ. ತಾಳಮದ್ದಳೆ ಕೂಟದ ಸೊಗಸನ್ನು ಬಲ್ಲವರು ಭಾಗವತನ ಕಂಠಕ್ಕಿಂತ ಈ ಹೊತ್ತರಿಯುವ ಜಾಣ್ಮೆಯನ್ನೇ ಹೆಚ್ಚು ಮೆಚ್ಚಿಕೊಳ್ಳುವುದುಂಟು, ಅದು ನ್ಯಾಯವೂ ಹೌದು.

ಮೇಜಿನ ಸೂತ್ರಧಾರನಿಗೆ ತಾಳವಿಲ್ಲ, ಪದ್ಯವಿಲ್ಲ. ಆದರೆ ದೃಶ್ಯವನ್ನು ಬದಲಿಸುವ ಅಧಿಕಾರ ಅವನ ಕೈಯಲ್ಲೇ ಇದೆ. ಅರಮನೆಯಲ್ಲಿ ಒಬ್ಬ ಆಟಗಾರ ಮಂತ್ರಿಯೊಡನೆ ಮುಗಿಯದ ಚೌಕಾಸಿಗೆ ಇಳಿದಿದ್ದರೆ, ಮಾತು ಒಂದು ಕುತೂಹಲದ ಘಟ್ಟಕ್ಕೆ ಬಂದ ಕೂಡಲೇ ಅದನ್ನು ಅಲ್ಲಿಗೇ ಬಿಟ್ಟು, ಲಾಯದ ಬಳಿ ಕಾಯುತ್ತಿರುವ ಇನ್ನೊಬ್ಬಳ ಕುದುರೆ ಕಾಣೆಯಾಗಿದೆ ಎಂದು ಹೇಳಿದರೆ ಸಾಕು, ಮಾತು ಅವಳ ಪಾಲಿಗೆ ಬಂತು. ಮಾತಾಳಿಯನ್ನು ಎಲ್ಲರೆದುರು ತಡೆದರೆ ಅವನಿಗೆ ಅವಮಾನ, ಉಳಿದವರಿಗೆ ಮುಜುಗರ. ಕತೆಯೇ ತಡೆದರೆ ಯಾರಿಗೂ ಏನೂ ಅನ್ನಿಸುವುದಿಲ್ಲ.

ಇದರ ಇನ್ನೊಂದು ಮಗ್ಗುಲು ಮಾತೇ ಆಡದ ಆಟಗಾರ. ಅಂಥವನಿಗೆ ಸೂತ್ರಧಾರರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ‘ಈಗ ನೀನು ಏನು ಮಾಡುತ್ತೀ?’ ಎಂಬುದು. ಏನು ಬೇಕಾದರೂ ಮಾಡಬಹುದಾದ ಕಡೆ ಏನು ಮಾಡಲೂ ತೋಚದವನಿಗೆ ಇದಕ್ಕಿಂತ ಕಷ್ಟದ ಪ್ರಶ್ನೆ ಇನ್ನೊಂದಿಲ್ಲ. ಇಲ್ಲಿ ದೊಡ್ಡಾಟವನ್ನು ನಡೆಸಿಕೊಡುವ ಸಾರಥಿ ದಾರಿ ತೋರುತ್ತಾನೆ. ದೊಡ್ಡಾಟದಲ್ಲಿ ಪ್ರಮುಖ ಪಾತ್ರವೊಂದು ರಂಗವಾದ ಅಟ್ಟದ ಮೇಲೆ ಬಂದು ಕುಣಿದು ನಿಂತಾಗ ಸಾರಥಿ ಇದಿರಾಗಿ, ಬಂದವರು ಯಾರು, ಯಾವ ಪಟ್ಟಣದವರು, ನಾಮಾಂಕಿತವೇನು, ಬಂದ ಕಾರಣವೇನು ಎಂದು ಒಂದೊಂದಾಗಿ ಕೇಳುತ್ತ ಹೋಗುತ್ತಾನೆ. ಪಾತ್ರಧಾರಿ ಪ್ರತಿಯೊಂದಕ್ಕೂ ಉತ್ತರ ಕೊಡುತ್ತ ಕೊಡುತ್ತಲೇ ಅಭಿಮನ್ಯುವೋ ಬಬ್ರುವಾಹನನೋ ಆಗಿಬಿಡುತ್ತಾನೆ. ನೋಡುವವರಿಗೆ ಪಾತ್ರದ ಪರಿಚಯ ಮಾಡಿಕೊಡುವ ಕಟ್ಟುಪಾಡು ಇದು ಎಂಬುದು ನಿಜವಾದರೂ, ಅಟ್ಟ ಹತ್ತಿದ ಅಂಜಿಕೆಯಲ್ಲಿ ಬಾಯಿ ಒಣಗಿದ ಹೊಸಬನಿಗೆ ಅದು ಧೈರ್ಯದ ಮೆಟ್ಟಿಲೂ ಆಗಿದೆ, ಏಕೆಂದರೆ ಉತ್ತರ ಅವನಿಗೆ ಮೊದಲೇ ಗೊತ್ತಿರುವ ಪ್ರಶ್ನೆಗಳೇ ಬರುತ್ತವೆ. ಮೇಜಿನ ಬಳಿಯೂ ‘ನಿನ್ನ ಕತ್ತಿ ಯಾರು ಕೊಟ್ಟದ್ದು?’, ‘ಈ ಊರಿಗೆ ಹಿಂದೆ ಯಾವಾಗ ಬಂದಿದ್ದೆ?’ ಎಂಬಂಥ, ಒಂದು ವಾಕ್ಯದಲ್ಲಿ ಮುಗಿಯುವ ಪ್ರಶ್ನೆಗಳನ್ನು ಕೇಳಿದರೆ, ಮೂರನೆಯ ಉತ್ತರದ ಹೊತ್ತಿಗೆ ಆಟಗಾರ ತಾನೇ ಮಾತು ಬೆಳೆಸತೊಡಗುತ್ತಾನೆ. ಕೆಲವರು ಮೌನವಾಗಿದ್ದುಕೊಂಡೇ ಸಂತೋಷಪಡುವವರು ಎಂಬುದನ್ನೂ ಮರೆಯಬಾರದು. ಕೆನಡಾದ ಆಟರಚಕ ರಾಬಿನ್ ಲಾಸ್ 2002ರ ತಮ್ಮ ಕೈಪಿಡಿಯಲ್ಲಿ ಆಟಗಾರರನ್ನು ಅವರವರ ಅಪೇಕ್ಷೆಗೆ ತಕ್ಕಂತೆ ವಿಂಗಡಿಸುವಾಗ, ಸುಮ್ಮನೆ ಗೆಳೆಯರ ಜೊತೆಗಿರಲು ಬಂದು ಕುಳಿತುಕೊಳ್ಳುವವರಿಗೂ ಒಂದು ಸ್ಥಾನ ಕೊಟ್ಟಿದ್ದಾರೆ.

ನಿಯಮದ ಜಗಳ ಮೂರನೆಯದು. ಪಾತ್ರದಾಟದ ನಿಯಮಪುಸ್ತಕಗಳು ನೂರಾರು ಪುಟದವಾದ್ದರಿಂದ, ಕಾಳಗದ ನಡುವೆ ಒಬ್ಬ ಒಂದು ಪುಟ ತೆಗೆದು, ಇನ್ನೊಬ್ಬ ಮತ್ತೊಂದು ಪುಟ ತೆಗೆದು ವಾದಕ್ಕೆ ನಿಂತರೆ ಕತೆ ಅಲ್ಲಿಗೇ ತಣ್ಣಗಾಗುತ್ತದೆ. ತಾಳಮದ್ದಳೆಯಲ್ಲಿ ಈ ಜಗಳ ಇನ್ನೂ ಸೂಕ್ಷ್ಮ, ಏಕೆಂದರೆ ಅಲ್ಲಿ ಪ್ರಮಾಣಗ್ರಂಥಗಳೇ ಹಲವು: ಒಬ್ಬ ಅರ್ಥಧಾರಿ ಕುಮಾರವ್ಯಾಸನನ್ನು ಹಿಡಿದರೆ ಇನ್ನೊಬ್ಬ ವ್ಯಾಸಭಾರತವನ್ನು ಹಿಡಿಯುತ್ತಾನೆ, ರಾಮಾಯಣದ ಪ್ರಸಂಗವಾದರೆ ವಾಲ್ಮೀಕಿಯೂ ತೊರವೆಯ ನರಹರಿಯೂ ಇದಿರುಬದಿರಾಗುತ್ತಾರೆ, ಲಕ್ಷ್ಮೀಶನ ಜೈಮಿನಿಭಾರತದ್ದು ಬೇರೆಯೇ ದಾರಿ. ಹೀಗಿದ್ದರೂ ಕೂಟ ಕುಸಿಯದಿರಲು ಕಾರಣ, ಅಂದು ಹಿಡಿದ ಪ್ರಸಂಗದ ಪದ್ಯ ಏನು ಹೇಳುತ್ತದೋ ಅದೇ ಅಂದಿನ ಮಟ್ಟಿಗೆ ನಡೆದ ಸಂಗತಿ ಎಂಬ ಒಪ್ಪಂದ. ಬೇರೆ ಗ್ರಂಥದ ಮಾತನ್ನು ವಾದಕ್ಕೆ ಬಳಸಬಹುದು, ಪದ್ಯವನ್ನು ಸುಳ್ಳು ಮಾಡಲು ಬಳಸುವಂತಿಲ್ಲ. ಮೇಜಿನ ಬಳಿ ಈ ಪದ್ಯದ ಜಾಗದಲ್ಲಿರುವುದು ಸೂತ್ರಧಾರನ ತತ್ಕಾಲದ ತೀರ್ಪು. ಸಂದೇಹ ಬಂದಾಗ ಒಂದು ತೀರ್ಪು ಹೇಳಿ ಆಟ ಮುಂದುವರಿಸಿ, ಪುಸ್ತಕವನ್ನು ಆಟ ಮುಗಿದ ಮೇಲೆ ತೆರೆದು ನೋಡುವುದು, ತಪ್ಪಿದ್ದರೆ ಮುಂದಿನ ಬಾರಿಗೆ ತಿದ್ದಿಕೊಳ್ಳುವುದು ಅನುಭವಿಗಳ ಪದ್ಧತಿ.

ಆಟಗಾರರು ಕತೆಯ ದಾರಿಯನ್ನೇ ಬಿಟ್ಟು ಹೋಗುವುದು ಸೂತ್ರಧಾರರ ದೊಡ್ಡ ಭಯ. ವಾರಗಟ್ಟಲೆ ಕುಳಿತು ಸಿದ್ಧಪಡಿಸಿದ ಕೋಟೆಗೆ ಬೆನ್ನು ತಿರುಗಿಸಿ ಅವರು ಸಂತೆಯಲ್ಲಿ ಕಂಡ ಬಳೆಗಾರನ ಹಿಂದೆ ಹೋಗುತ್ತಾರೆ. ಆಗ ಅವರನ್ನು ಎಳೆದು ತಂದು ಕೋಟೆಯ ಬಾಗಿಲಲ್ಲಿ ನಿಲ್ಲಿಸುವ ಸೂತ್ರಧಾರ, ಆಯ್ಕೆ ಎಂಬುದೇ ಸುಳ್ಳು ಎಂದು ಅವರಿಗೆ ತೋರಿಸಿಕೊಟ್ಟಂತಾಗುತ್ತದೆ. ತಾಳಮದ್ದಳೆಯಲ್ಲಾದರೋ ಕತೆಯ ಕೊನೆ ಎಲ್ಲರಿಗೂ ಗೊತ್ತು, ವಾಲಿ ಸಾಯಲೇಬೇಕು. ಆದರೂ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ವಾಲಿ ರಾಮನನ್ನು ಕೇಳುವ ಸನ್ನಿವೇಶ ಕೇಳುಗರಿಗೆ ಹಳತಾಗಿಲ್ಲ, ಏಕೆಂದರೆ ಅರ್ಥಧಾರಿಯ ಸ್ವಾತಂತ್ರ್ಯ ಇರುವುದು ಘಟನೆಯಲ್ಲಲ್ಲ, ಕಾರಣದಲ್ಲಿ. ಅರ್ಥಧಾರಿಗಳಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ತರ್ಕದ ಬಿಗಿಯಿಂದ ಪ್ರತಿನಾಯಕರಿಗೆ ಹೊಸ ತೂಕ ತಂದುಕೊಟ್ಟರೆ, ದೇರಾಜೆ ಸೀತಾರಾಮಯ್ಯನವರು (1914–1984) ಅದೇ ಪ್ರಸಂಗಗಳ ಪಾತ್ರಗಳನ್ನು ಮೆಲುದನಿಯ ಮಾನವೀಯತೆಯಿಂದ ಬೆಳೆಸಿದರು. ಪದ್ಯಗಳು ಮಾತ್ರ ಇಬ್ಬರಿಗೂ ಅವೇ ಆಗಿದ್ದವು. ಸೋಲುವ ಪಾತ್ರ ವಾದದಲ್ಲಿ ಗೆದ್ದುಬಿಟ್ಟರೆ ಏನು ಗತಿ ಎಂಬ ಪ್ರಶ್ನೆಯನ್ನು ತಾಳಮದ್ದಳೆ ಪೂರ್ತಿ ಬಗೆಹರಿಸಿಲ್ಲವೆನ್ನಬೇಕು: ಚೆನ್ನಾಗಿ ವಾದಿಸಿದ ವಾಲಿ ಮುಂದಿನ ಪದ್ಯದಲ್ಲಿ ತಟ್ಟನೆ ಶರಣಾದಾಗ ಕೇಳುಗನಿಗೆ ಒಂದು ಎಡವಟ್ಟು ಉಳಿದೇ ಉಳಿಯುತ್ತದೆ, ಆ ಶರಣಾಗತಿಗೂ ಒಂದು ಮನಸ್ಸಿನ ದಾರಿಯನ್ನು ಮೊದಲಿನಿಂದಲೇ ಕಟ್ಟಿಕೊಂಡು ಬಂದ ಅರ್ಥಧಾರಿಯನ್ನು ಬಿಟ್ಟರೆ.

ಪಾತ್ರದಾಟದಲ್ಲಿ ಕೊನೆ ತೆರೆದೇ ಇರುವುದರಿಂದ ಸೂತ್ರಧಾರನಿಗೆ ಇಲ್ಲಿ ಹೆಚ್ಚಿನ ಅನುಕೂಲವಿದೆ. ಬಳೆಗಾರನ ಹಿಂದೆ ಹೋದವರಿಗೆ ಕೋಟೆಯ ಸುದ್ದಿ ಬಳೆಗಾರನ ಬಾಯಿಂದಲೇ ಬರಬಹುದು. ಗುಟ್ಟೊಂದನ್ನು ಆಟಗಾರರು ಕಂಡುಹಿಡಿಯಲೇಬೇಕೆಂದಿದ್ದರೆ ಅದಕ್ಕೆ ಕಡಿಮೆಯೆಂದರೂ ಮೂರು ಸುಳಿವು ಇಟ್ಟಿರಬೇಕು ಎಂಬುದು ಜಸ್ಟಿನ್ ಅಲೆಕ್ಸಾಂಡರ್ ಎಂಬ ಆಟರಚಕರು ಪ್ರಚಾರಕ್ಕೆ ತಂದ ಸೂತ್ರ. ಒಂದನ್ನು ಆಟಗಾರರು ನೋಡುವುದೇ ಇಲ್ಲ, ಇನ್ನೊಂದನ್ನು ತಪ್ಪಾಗಿ ತಿಳಿಯುತ್ತಾರೆ, ಮೂರನೆಯದು ಕೈಹಿಡಿಯುತ್ತದೆ ಎಂಬುದು ಅದರ ಲೆಕ್ಕ.

ಆಟದೊಳಗಿನ ಉಪಾಯ ನಡೆಯದ ಕಡೆಯೂ ಇದೆ. ತಾಳಮದ್ದಳೆಯಲ್ಲಿ ಪಾತ್ರಗಳ ನಡುವಿನ ಬಿರುಸು ಮಾತು ಪಾತ್ರಧಾರಿಗಳ ನಡುವಿನ ಹಗೆಯಾದಾಗ, ಇದಿರು ಕುಳಿತವನ ಓದನ್ನೋ ಮನೆತನವನ್ನೋ ಕರ್ಣನ ಹೆಸರಿನಲ್ಲಿ ಚುಚ್ಚತೊಡಗಿದಾಗ, ಭಾಗವತ ಪದ್ಯ ಎತ್ತಿ ಆ ಹೊತ್ತಿಗೆ ಬೆಂಕಿ ಆರಿಸಬಹುದಷ್ಟೇ. ತಾಳಮದ್ದಳೆಯ ವಾದಗಳು ಮಿತಿ ಮೀರುತ್ತವೆ ಎಂಬುದು ವಿಮರ್ಶಕರ ಹಳೆಯ ದೂರು. ಹಾಗೆ ಹಗೆ ಕಟ್ಟಿಕೊಂಡ ಇಬ್ಬರನ್ನು ಮತ್ತೆ ಒಂದೇ ಕೂಟಕ್ಕೆ ಕರೆಯದಿರುವುದು ಸಂಘಟಕರ ಕೈಯಲ್ಲಿರುವ ಮದ್ದು. ಮೇಜಿನ ಆಟದಲ್ಲೂ ಹಾಗೆಯೇ: ಕತೆಯಲ್ಲಿ ಗುಡುಗು ತರಿಸಿ, ರಾಕ್ಷಸನನ್ನು ಬಿಟ್ಟು, ಪಾತ್ರವನ್ನು ಶಿಕ್ಷಿಸಿ ಮನುಷ್ಯನನ್ನು ತಿದ್ದಲು ಹೋಗುವುದು ವ್ಯರ್ಥ, ಆಟ ನಿಲ್ಲಿಸಿ, ಬೇರೆಯಾಗಿ ಕರೆದು, ಹೆಸರು ಹಿಡಿದು ಮಾತಾಡಬೇಕು. ಯಾರಿಗಾದರೂ ಸಹಿಸಲಾಗದ ವಿಷಯ ಬಂದಾಗ ಕಾರಣ ಹೇಳದೆ ಮುಟ್ಟಿದರೆ ಸಾಕು, ಆ ದೃಶ್ಯವನ್ನು ಬಿಟ್ಟು ಮುಂದೆ ಹೋಗುವಂತೆ ಎಕ್ಸ್ ಗುರುತಿನ ಚೀಟಿಯೊಂದನ್ನು ಮೇಜಿನ ಮೇಲೆ ಇಟ್ಟುಕೊಳ್ಳುವ ಕ್ರಮವನ್ನು ಜಾನ್ ಸ್ಟಾವ್ರೊಪೊಲಸ್ ರೂಪಿಸಿದರು. ಅಪರಿಚಿತರು ಕೂಡಿ ಆಡುವ ಕಡೆ ಇದು ಬಹಳ ಉಪಯುಕ್ತ.

ಇಂಥ ಎಷ್ಟೋ ಜಗಳಗಳ ಬೇರು ಆಟಕ್ಕೆ ಮೊದಲಿನ ಮಾತುಕತೆ ಸರಿಯಾಗಿ ಆಗದಿರುವುದರಲ್ಲಿದೆ. ಎಂಥ ಕತೆ, ಎಷ್ಟು ಹೊತ್ತು, ಯಾರಿಗೆ ಯಾವ ಪಾತ್ರ ಎಂಬುದನ್ನು ಗೊತ್ತುಮಾಡಲೆಂದೇ ಪಾತ್ರದಾಟದವರು ದಾಳ ಮುಟ್ಟದೆ ಒಂದು ಬೈಠಕ್ ನಡೆಸುತ್ತಾರೆ; ಅದಕ್ಕೆ ಸೆಷನ್ ಝೀರೊ ಎಂದು ಹೆಸರು. ದೊಡ್ಡಾಟದ ಊರುಗಳಲ್ಲಿ ಈ ಕೆಲಸ ತಿಂಗಳುಗಟ್ಟಲೆಯದು. ಪ್ರಸಂಗ ಯಾವುದೆಂದು ಊರ ಹಿರಿಯರೂ ಕಲಿಸುವ ಮಾಸ್ತರರೂ ಕೂಡಿ ಗೊತ್ತುಮಾಡಿ, ಯಾರ ಕಂಠ ಎಂಥದು, ಯಾರ ಮೈಕಟ್ಟು ಎಂಥದು ಎಂದು ನೋಡಿ ಪಾತ್ರ ಹಂಚಿ, ಎಲ್ಲರಿಗೂ ರಾಜನ ಪಾರ್ಟೇ ಬೇಕೆನ್ನುವ ಹಟವನ್ನು ಅಲ್ಲಿಯೇ ಇಳಿಸಿ, ಬಳಿಕ ರಾತ್ರಿ ರಾತ್ರಿ ತಾಲೀಮು ನಡೆಸುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿ ಸೀಮೆಯಲ್ಲಿ ಕಾಲುವೆಗೆ ನೀರು ಬಿಟ್ಟು ಭತ್ತದ ನಾಟಿ ಶುರುವಾದರೆ ಜನ ಕೂಡುವುದು ಕಷ್ಟವಾದ್ದರಿಂದ ದಿನ ಗೊತ್ತುಮಾಡುವಾಗ ಹೊಲದ ಕೆಲಸವನ್ನೂ ನೋಡಿಕೊಳ್ಳಬೇಕಾಗುತ್ತದೆ. ನಗರದ ಪಾತ್ರದಾಟದ ಗುಂಪುಗಳನ್ನು ಮುರಿಯುವುದೂ ರಾಕ್ಷಸರಲ್ಲ, ದಿನ ಕೂಡಿಬರದ ಇದೇ ಸಮಸ್ಯೆ. ಎಲ್ಲರೂ ಬಂದರೆ ಮಾತ್ರ ಆಟ ಎಂದು ಕುಳಿತ ಗುಂಪು ಬೇಗ ಚದುರುತ್ತದೆ. ಒಬ್ಬ ಬಾರದಿದ್ದರೆ ಅವನ ಪಾತ್ರ ಆ ದಿನ ಜ್ವರ ಬಂದು ಮಲಗಿದೆ ಎಂದುಕೊಂಡು ಉಳಿದವರು ಆಡಿಬಿಡುವುದು ಮೇಲು.

ಹೊತ್ತು ಮೀರುವುದನ್ನು ಕುರಿತು ಹೇಳುವುದು ಹೆಚ್ಚಿಲ್ಲ. ಬೆಳಗಿನತನಕ ನಡೆಯುತ್ತಿದ್ದ ಪ್ರಸಂಗವನ್ನು ಮೂರು ತಾಸಿಗೆ ಇಳಿಸುವಾಗ ಭಾಗವತ ಎಲ್ಲ ಪದ್ಯಗಳನ್ನೂ ಅವಸರದಲ್ಲಿ ಹಾಡುವುದಿಲ್ಲ, ಯಾವುದನ್ನು ಬಿಟ್ಟರೂ ಕತೆ ಕೆಡುವುದಿಲ್ಲ ಎಂದು ನೋಡಿ ಅಂಥವನ್ನು ಬಿಡುತ್ತಾನೆ, ಮಂಗಳಕ್ಕೆ ಬೇಕಾದ ಹೊತ್ತನ್ನು ಮಾತ್ರ ತಪ್ಪದೆ ಉಳಿಸಿಕೊಳ್ಳುತ್ತಾನೆ. ಸೂತ್ರಧಾರನೂ ತನ್ನ ಟಿಪ್ಪಣಿಯಲ್ಲಿ ಬಿಡಬಹುದಾದ ದೃಶ್ಯಗಳಿಗೆ ಮೊದಲೇ ಗುರುತು ಹಾಕಿಟ್ಟುಕೊಂಡು, ಮುಗಿಸಬೇಕಾದ ಹೊತ್ತಿಗೆ ಅರ್ಧ ಗಂಟೆ ಮೊದಲು ಗಡಿಯಾರ ನೋಡಿ, ಕಾಳಗ ಮುಗಿಯದಿದ್ದರೆ ಶತ್ರು ಹಿಮ್ಮೆಟ್ಟಿದನೆಂದು ಹೇಳಿ ಅಲ್ಲಿಗೆ ಆ ದಿನದ ಆಟ ಮುಗಿಸುವುದು ಲೇಸು.