ಉಳ್ಳವರ ಮನೆಯ ಗಡಿಬಿಡಿ: ಕಿರುತೆರೆಯ ದಂಪತಿ ಹಾಸ್ಯ

ಒಬ್ಬ ಗಂಡ, ಒಬ್ಬ ಹೆಂಡತಿ, ಒಂದು ಮನೆ, ಬಾಗಿಲು ತಟ್ಟದೆ ಒಳಗೆ ಬರುವ ನೆರೆಯವರು, ವಾರಕ್ಕೊಂದು ಎಡವಟ್ಟು. ಇಷ್ಟನ್ನೇ ನೆಚ್ಚಿಕೊಂಡು ಅರ್ಧ ಗಂಟೆ ನಗಿಸುವ ಟಿವಿ ಕಾರ್ಯಕ್ರಮಕ್ಕೆ ಸಿಟ್‌ಕಾಮ್ ಎಂದು ಹೆಸರು. ಕನ್ನಡದಲ್ಲಿ ಹಾಸ್ಯ ಧಾರಾವಾಹಿ, ಕಾಮಿಡಿ ಸೀರಿಯಲ್ ಎನ್ನುವುದು ರೂಢಿ. ಉಳಿದ ಧಾರಾವಾಹಿಗಳಲ್ಲಿ ಕಥೆ ಮುಂದಕ್ಕೆ ಹೋಗುತ್ತದೆ: ಮದುವೆ ಮುರಿಯುತ್ತದೆ, ಆಸ್ತಿ ಕೈ ಬದಲಾಗುತ್ತದೆ, ಸತ್ತವರು ಎದ್ದು ಬರುತ್ತಾರೆ. ಹಾಸ್ಯ ಧಾರಾವಾಹಿಯಲ್ಲಿ ಕಂತು ಮುಗಿಯುವಷ್ಟರಲ್ಲಿ ಎಲ್ಲರೂ ಹೊರಟಲ್ಲಿಗೇ ಬಂದು ನಿಲ್ಲಬೇಕು. ಯಾರೂ ಬುದ್ಧಿ ಕಲಿಯುವಂತಿಲ್ಲ. ಕಲಿತರೆ ಮುಂದಿನ ವಾರಕ್ಕೆ ಕಥೆಯಿಲ್ಲ.

ಈ ಬಗೆಯ ಹಾಸ್ಯಕ್ಕೆ ಅನುಕೂಲಸ್ಥರ ಮನೆ ಹೇಳಿ ಮಾಡಿಸಿದಂಥ ಜಾಗ. ಹೊಟ್ಟೆಗೆ ಕಷ್ಟವಿರುವ ಮನೆಯಲ್ಲಿ ಹಾಲು ಉಕ್ಕಿ ಚೆಲ್ಲಿದರೆ ನಷ್ಟ. ಉಳ್ಳವರ ಮನೆಯಲ್ಲಿ ಅದೇ ನಗೆಯ ವಿಷಯ. ಮೂಲಭೂತ ಚಿಂತೆಗಳಿಲ್ಲದ ಕಡೆ ಮರ್ಯಾದೆ, ಮುನಿಸು, ಪ್ರತಿಷ್ಠೆ, ಅಡುಗೆಯಂಥ ಸಣ್ಣ ಸಂಗತಿಗಳೇ ದೊಡ್ಡದಾಗಿ ಬೆಳೆಯುತ್ತವೆ. ಎಷ್ಟು ಜಗಳವಾದರೂ ಮನೆ ಮುಳುಗುವುದಿಲ್ಲ ಎಂಬ ಭರವಸೆ ಇರುವುದರಿಂದ ನೋಡುಗರು ನಿರಾಳವಾಗಿ ನಗುತ್ತಾರೆ.

ಹುಟ್ಟು

ದಂಪತಿ ಹಾಸ್ಯ ಟಿವಿಯಷ್ಟೇ ಹಳೆಯದು. ಅಮೆರಿಕದ ಮೊದಲ ಟಿವಿ ಸಿಟ್‌ಕಾಮ್ ಎನ್ನಲಾಗುವ ‘ಮೇರಿ ಕೇ ಅಂಡ್ ಜಾನಿ’ 1947ರಲ್ಲಿ ಶುರುವಾಯಿತು. ಅದರ ಗಂಡ ಹೆಂಡತಿ ನಿಜಜೀವನದಲ್ಲೂ ಗಂಡ ಹೆಂಡತಿಯೇ. 1950ರಲ್ಲಿ ಜಾರ್ಜ್ ಬರ್ನ್ಸ್ ಮತ್ತು ಗ್ರೇಸಿ ಅಲೆನ್ ದಂಪತಿಯ ಕಾರ್ಯಕ್ರಮ ಸಿಬಿಎಸ್ ವಾಹಿನಿಯಲ್ಲಿ ಬಂತು. ಇಬ್ಬರೂ ತಮ್ಮ ಹೆಸರಿನಲ್ಲೇ, ಶ್ರೀಮಂತರ ಬಡಾವಣೆಯಾದ ಬೆವರ್ಲಿ ಹಿಲ್ಸ್‌ನ ನಟದಂಪತಿಯಾಗಿಯೇ ಕಾಣಿಸಿಕೊಂಡರು. ಗ್ರೇಸಿಯ ತರ್ಕ ಅವಳದೇ. ಅದರಿಂದ ಮನೆಮಂದಿಗೆಲ್ಲ ಫಜೀತಿ. ಜಾರ್ಜ್ ನಡುನಡುವೆ ಕಥೆಯಿಂದ ಹೊರಗೆ ಬಂದು ನೇರವಾಗಿ ಪ್ರೇಕ್ಷಕರ ಜೊತೆ ಮಾತಾಡುತ್ತಿದ್ದ. ಕೊನೆಕೊನೆಯ ವರ್ಷಗಳಲ್ಲಂತೂ ಹೆಂಡತಿ ಏನು ಹೂಡುತ್ತಿದ್ದಾಳೆ ಎಂಬುದನ್ನು ತನ್ನ ಕೋಣೆಯ ಟಿವಿಯಲ್ಲೇ ನೋಡುತ್ತಿದ್ದ. ಯಕ್ಷಗಾನದ ಭಾಗವತರು ಕಥೆಯ ಒಳಗೂ ಹೊರಗೂ ಇರುವ ಹಾಗೆ ಅವನ ಪಾತ್ರ. ಈ ಕಾರ್ಯಕ್ರಮ 1958ರವರೆಗೆ ನಡೆಯಿತು.

ಈ ಪ್ರಕಾರದ ತಾಂತ್ರಿಕ ಅಚ್ಚು ಹಾಕಿದ್ದು ‘ಐ ಲವ್ ಲೂಸಿ’. 1951ರಿಂದ 1957ರವರೆಗೆ 180 ಕಂತು ಪ್ರಸಾರವಾದ ಇದರಲ್ಲೂ ನಿಜದಂಪತಿಯಾದ ಲೂಸಿಲ್ ಬಾಲ್ ಮತ್ತು ಡೆಸಿ ಆರ್ನಾಜ್ ಅಭಿನಯಿಸಿದರು. ಆಗ ಬಹುತೇಕ ಕಾರ್ಯಕ್ರಮಗಳು ನ್ಯೂಯಾರ್ಕ್‌ನಿಂದ ನೇರ ಪ್ರಸಾರವಾಗುತ್ತಿದ್ದವು. ಒಮ್ಮೆ ತೋರಿಸಿದರೆ ಮುಗಿಯಿತು. ಈ ದಂಪತಿ ಹಾಲಿವುಡ್ ಬಿಟ್ಟು ಬರಲು ಒಪ್ಪಲಿಲ್ಲ. ಪ್ರೇಕ್ಷಕರನ್ನು ಎದುರಿಗೆ ಕೂರಿಸಿ, ಮೂರು ಕ್ಯಾಮೆರಾ ಒಟ್ಟಿಗೆ ಓಡಿಸಿ, 35 ಮಿಲಿಮೀಟರ್ ಫಿಲ್ಮಿನಲ್ಲೇ ಚಿತ್ರೀಕರಿಸಿದರು. ಮೂರು ಕೋನಕ್ಕೂ ಹೊಂದುವ ಬೆಳಕಿನ ವ್ಯವಸ್ಥೆ ಮಾಡಿದವನು ‘ಮೆಟ್ರೊಪೊಲಿಸ್’ ಚಿತ್ರದ ಛಾಯಾಗ್ರಾಹಕ ಕಾರ್ಲ್ ಫ್ರಾಯಿಂಡ್. ಫಿಲ್ಮಿನ ಹಕ್ಕು ತಮ್ಮ ಡೆಸಿಲು ಕಂಪನಿಯಲ್ಲೇ ಉಳಿಯುವಂತೆ ದಂಪತಿ ನೋಡಿಕೊಂಡರು. ಅಚ್ಚುಕಟ್ಟಾದ ಪ್ರತಿ ಕೈಯಲ್ಲಿದ್ದುದರಿಂದ ಮರುಪ್ರಸಾರವೆಂಬ ವ್ಯಾಪಾರ ಬೆಳೆಯಿತು. ಹಳೆಯ ಸಿಟ್‌ಕಾಮ್‌ಗಳನ್ನು ಇಂದಿಗೂ ನೋಡಲು ಸಾಧ್ಯವಾಗಿರುವುದು ಇಂಥ ನಿರ್ಧಾರಗಳಿಂದ.

ಹೊಲಕ್ಕೆ ಬಂದ ವಕೀಲ

ಸಿರಿವಂತ ದಂಪತಿಯ ಎಡವಟ್ಟನ್ನು ತುದಿ ಮುಟ್ಟಿಸಿದ ಧಾರಾವಾಹಿ ‘ಗ್ರೀನ್ ಏಕರ್ಸ್’. 1965ರಿಂದ 1971ರವರೆಗೆ ಸಿಬಿಎಸ್‌ನಲ್ಲಿ 170 ಕಂತು ಬಂತು. ನ್ಯೂಯಾರ್ಕಿನ ಸಿರಿವಂತ ವಕೀಲ ಆಲಿವರ್‌ಗೆ ಬೇಸಾಯದ ಹುಚ್ಚು. ಹೂಟರ್‌ವಿಲ್ ಎಂಬ ಕುಗ್ರಾಮದಲ್ಲಿ ಪಾಳುಬಿದ್ದ ತೋಟ ಕೊಂಡು, ಪಟ್ಟಣದ ಸುಖ ಬಿಡಲೊಪ್ಪದ ಹೆಂಡತಿ ಲೀಸಾಳನ್ನೂ ಎಳೆದುಕೊಂಡು ಬರುತ್ತಾನೆ. ಎಡ್ಡಿ ಆಲ್ಬರ್ಟ್ ಮತ್ತು ಈವಾ ಗ್ಯಾಬೋರ್ ಈ ಪಾತ್ರಗಳನ್ನು ಮಾಡಿದರು.

ಆಲಿವರ್ ಕೋಟು, ವೇಸ್ಟ್‌ಕೋಟು, ಟೈ ತೊಟ್ಟೇ ಟ್ರ್ಯಾಕ್ಟರ್ ಹತ್ತುತ್ತಾನೆ. ಫೋನಿನ ತಂತಿ ಮನೆಯವರೆಗೆ ಬರದೆ ಉಪಕರಣ ಕಂಬದ ತುದಿಯಲ್ಲೇ ಉಳಿದಿದೆ. ಗಂಟೆ ಬಾರಿಸಿದಾಗಲೆಲ್ಲ ಅದೇ ಸೂಟಿನಲ್ಲಿ ಕಂಬ ಹತ್ತಿ ಮಾತಾಡಬೇಕು. ಲೀಸಾ ರೇಷ್ಮೆಯ ನಿಲುವಂಗಿ, ಒಡವೆ ತೊಟ್ಟು ಒಲೆಯ ಮುಂದೆ ನಿಲ್ಲುತ್ತಾಳೆ. ಅವಳು ಹುಯ್ದ ದೋಸೆಯಂಥ ಹಾಟ್‌ಕೇಕ್ ಹಲ್ಲಿಗೆ ಸಿಗದಷ್ಟು ಗಟ್ಟಿ. ಇಲ್ಲಿನ ವಿಪರ್ಯಾಸ ಬೇರೆಯೇ: ಹಳ್ಳಿಯ ಹಂಬಲ ಹೊತ್ತು ಬಂದ ಗಂಡ ಕೊನೆಯವರೆಗೂ ಆ ಊರಿಗೆ ಒಗ್ಗುವುದಿಲ್ಲ, ಒಲ್ಲದ ಮನಸ್ಸಿನಿಂದ ಬಂದ ಹೆಂಡತಿ ಆರಾಮಾಗಿ ಬೆರೆತುಬಿಡುತ್ತಾಳೆ. ಹಣದಿಂದ ತೋಟ ಕೊಳ್ಳಬಹುದು, ಊರು ಕೊಳ್ಳಲಾಗದು ಎಂಬುದೇ ಇದರ ನಗೆಯ ತಿರುಳು. 1971ರಲ್ಲಿ ಸಿಬಿಎಸ್ ತನ್ನ ಹಳ್ಳಿ ಹಿನ್ನೆಲೆಯ ಕಾರ್ಯಕ್ರಮಗಳನ್ನು ಸಾಲಾಗಿ ಕೈಬಿಟ್ಟಾಗ ಇದೂ ನಿಂತಿತು.

ಭಾರತಕ್ಕೆ ಬಂದದ್ದು

ಭಾರತದಲ್ಲಿ ಈ ಪ್ರಕಾರ ನೆಲೆಯೂರಿದ್ದು ದೂರದರ್ಶನದ ‘ಯೇ ಜೋ ಹೈ ಜಿಂದಗಿ’ಯಿಂದ, 1984ರಲ್ಲಿ. ಬರೆದವರು ಶರದ್ ಜೋಶಿ; ಕುಂದನ್ ಶಾ ನಿರ್ದೇಶಕರಲ್ಲಿ ಒಬ್ಬರು. ಶಫಿ ಇನಾಮ್‌ದಾರ್, ಸ್ವರೂಪ್ ಸಂಪತ್ ದಂಪತಿಯ ಪಾತ್ರದಲ್ಲಿದ್ದರು. ಹೆಂಡತಿಯ ತಮ್ಮನಾಗಿ ರಾಕೇಶ್ ಬೇಡಿ. ಸತೀಶ್ ಶಾ ಕಂತಿಗೊಂದು ಹೊಸ ವೇಷ ಹಾಕಿ ಬರುತ್ತಿದ್ದರು. ಅದು ಮಧ್ಯಮ ವರ್ಗದ ಮನೆ.

ಸಿರಿವಂತರ ಮನೆಗೆ ಅದೇ ಸತೀಶ್ ಶಾ ಇಪ್ಪತ್ತು ವರ್ಷಗಳ ನಂತರ ಬಂದರು. 2004ರಲ್ಲಿ ಸ್ಟಾರ್ ಒನ್ ವಾಹಿನಿಯಲ್ಲಿ ಶುರುವಾದ ‘ಸಾರಾಭಾಯ್ ವರ್ಸಸ್ ಸಾರಾಭಾಯ್’ ದಕ್ಷಿಣ ಮುಂಬಯಿಯ ಕಫ್ ಪರೇಡಿನ ಗುಜರಾತಿ ಕುಟುಂಬದ ಕಥೆ. ರತ್ನಾ ಪಾಠಕ್ ಶಾ ಅಭಿನಯಿಸಿದ ಮಾಯಾಗೆ ಸೊಸೆಯ ಚೌಕಾಸಿ, ಚಿಲ್ಲರೆ ಉಳಿತಾಯ ಎಲ್ಲವೂ ಕೀಳು ಅಭಿರುಚಿ. ಮನೀಷಾ ಎಂಬ ಹೆಸರೂ ಸಾಧಾರಣವಾಯಿತೆಂದು ಸೊಸೆಯನ್ನು ಮೋನಿಷಾ ಮಾಡಿಬಿಡುತ್ತಾಳೆ. ಗಂಡ ಇಂದ್ರವದನ ಮಾತ್ರ ಸೊಸೆಯ ಪಕ್ಷ. ಹೆಂಡತಿಯ ಸಂಯಮ ಕೆಡಿಸುವುದೇ ಅವನ ದಿನಚರಿ. ಹಣದ ಬದಲು ಹಣವಂತರ ನಯನಾಜೂಕು ಇಲ್ಲಿ ನಗೆಗೆ ಗುರಿಯಾಯಿತು.

ಕನ್ನಡದ ದಾರಿ

ಕನ್ನಡದಲ್ಲಿ ದಂಪತಿ ಹಾಸ್ಯ ಟಿವಿಗಿಂತ ಮೊದಲೇ ರಂಗಭೂಮಿಯಲ್ಲಿತ್ತು. ಟಿ.ಪಿ. ಕೈಲಾಸಂ (1884–1946) ನಾಟಕಗಳ ನಡುಮನೆ, ಅರೆ ಇಂಗ್ಲಿಷು ಬೆರೆತ ಮನೆಮಾತು, ಗಂಡ ಹೆಂಡಿರ ಕಚ್ಚಾಟ ಮುಂದೆ ಕಿರುತೆರೆಗೆ ಸಿದ್ಧವಾಗಿ ಸಿಕ್ಕ ಸಾಮಗ್ರಿ. ‘ಬಂಡ್ವಾಳ್ವಿಲ್ಲದ ಬಡಾಯಿ’ಯ ವಕೀಲ ಅಹೋಬ್ಲು ಹೆಸರೇ ಹೇಳುವಂತೆ ಬಡಾಯಿಯ ಗಿರಾಕಿ. ಆಲಿವರನೂ ವಕೀಲ, ಅಹೋಬ್ಲುವೂ ವಕೀಲ. ಅಮೆರಿಕದವನ ಹತ್ತಿರ ಹಣವಿದೆ, ಅನುಭವವಿಲ್ಲ. ಕನ್ನಡದವನ ಹತ್ತಿರ ಮಾತಿದೆ, ಬಂಡವಾಳವಿಲ್ಲ. ಸಿರಿವಂತಿಕೆಗಿಂತ ಸಿರಿವಂತಿಕೆಯ ಸೋಗು ನಗೆಗೆ ಮೂಲವಾಗುವುದು ಕನ್ನಡ ಹಾಸ್ಯದ ಮುಖ್ಯ ಎಳೆ.

ದೂರದರ್ಶನದ ಕಾಲದಲ್ಲಿ ‘ಸಿಹಿ ಕಹಿ’ ಧಾರಾವಾಹಿ ಬಂತು. ಅದರ ಕಲಾವಿದ ದಂಪತಿಗೆ ಸಿಹಿಕಹಿ ಚಂದ್ರು, ಸಿಹಿಕಹಿ ಗೀತಾ ಎಂಬ ಹೆಸರೇ ನಿಂತಿತು. ರಮೇಶ್ ಭಟ್ಟರ ‘ಕ್ರೇಜಿ ಕರ್ನಲ್’ ಮತ್ತೊಂದು ಜನಪ್ರಿಯ ಕಾರ್ಯಕ್ರಮ. ಖಾಸಗಿ ವಾಹಿನಿಗಳ ಕಾಲ 1994ರಲ್ಲಿ ಉದಯ ಟಿವಿಯಿಂದ ಶುರುವಾಯಿತು. 2000ದ ಡಿಸೆಂಬರಿನಲ್ಲಿ ಈಟಿವಿ ಕನ್ನಡ ಬಂತು. ಸಿಹಿಕಹಿ ಚಂದ್ರು ಅವರ ‘ಪಾಪ ಪಾಂಡು’ ಇದೇ ವಾಹಿನಿಯಲ್ಲಿ ಮನೆಮಾತಾಯಿತು. ಚಿದಾನಂದ್ ಅಭಿನಯದ ಪಾಂಡು ಹೆಂಡತಿಗೆ ಹೆದರುವ ಗಂಡ, ಹೆಂಡತಿಯಾಗಿ ಶಾಲಿನಿ. ವಿಜಯಪ್ರಸಾದ್ ನಿರ್ದೇಶನದ ‘ಸಿಲ್ಲಿ ಲಲ್ಲಿ’ ತನ್ನ ಖ್ಯಾತಿಯನ್ನು ತಾನೇ ಸಾರಿಕೊಳ್ಳುವ ಡಾಕ್ಟರ್ ವಿಠಲ್ ರಾವ್ ಪಾತ್ರದಲ್ಲಿ ರವಿಶಂಕರ್ ಗೌಡರನ್ನೂ, ಸಮಾಜಸೇವಕಿ ಲಲಿತಾಂಬಳಾಗಿ ಮಂಜುಭಾಷಿಣಿಯವರನ್ನೂ ಹೆಸರಿಗೆ ತಂದಿತು. 2015ರಲ್ಲಿ ಶುರುವಾದ ಸೃಜನ್ ಲೋಕೇಶ್ ಅವರ ‘ಮಜಾ ಟಾಕೀಸ್’ ಅತಿಥಿಗಳ ಮಾತುಕತೆಯನ್ನೇ ಗಂಡ ಹೆಂಡಿರ ಮನೆಯೊಳಗೆ ತಂದಿತು. ಅದರಲ್ಲಿ ಅಪರ್ಣಾ ಮಾಡಿದ ವರಲಕ್ಷ್ಮಿ ಪಾತ್ರದ ಒಣಜಂಬ ಅಹೋಬ್ಲುವಿನ ಬಡಾಯಿಯ ಸಂಬಂಧಿಯೇ.

ಮಾತಿನ ಪ್ರಶ್ನೆ

ಈ ಎಲ್ಲ ಧಾರಾವಾಹಿಗಳ ಆಡುಮಾತು ಬಹುಪಾಲು ಬೆಂಗಳೂರು–ಮೈಸೂರು ಸೀಮೆಯದು. ಕರಾವಳಿಯ ಕಾರವಾರ, ಅಂಕೋಲೆಗಳ ಮನೆಮಾತು ಬೇರೆ. ಅಲ್ಲಿ ಕೊಂಕಣಿಯಿದೆ, ಹಾಲಕ್ಕಿಗಳ ಮತ್ತು ನಾಡವರ ಕನ್ನಡವಿದೆ. ಕಾಳಿ ನದಿಯ ದಂಡೆಯ ಮಲ್ಲಾಪುರದಲ್ಲಿ ಇದಕ್ಕೆ ಇನ್ನಷ್ಟು ಭಾಷೆಗಳು ಸೇರಿವೆ. ಕೈಗಾ ಅಣುವಿದ್ಯುತ್ ಸ್ಥಾವರದ ನೌಕರರ ವಸತಿ ಬಡಾವಣೆ ಇರುವುದು ಇಲ್ಲಿ. ಹಲವು ರಾಜ್ಯಗಳ ಕುಟುಂಬಗಳು ಗೋಡೆಗೆ ಗೋಡೆ ತಾಗಿಸಿಕೊಂಡು ಬದುಕುವ ಇಂಥ ಊರಿನಲ್ಲೂ ದಂಪತಿ ಹಾಸ್ಯ ಅರ್ಥವಾಗಲು ಅಡ್ಡಿಯಿಲ್ಲ. ಅಡಗಿಸಿಟ್ಟ ಬಿಲ್ಲು, ಮರೆತ ವಾರ್ಷಿಕೋತ್ಸವ, ಹೇಳದೆ ಬಂದಿಳಿದ ನೆಂಟರು: ಸನ್ನಿವೇಶವೇ ಅರ್ಧ ಮಾತಾಡುತ್ತದೆ.

ಉಳಿದರ್ಧಕ್ಕೆ ಸ್ಥಳದ ಮಾತು ಬೇಕು. ಕರಾವಳಿಯ ಯಕ್ಷಗಾನದಲ್ಲಿ ರಾಜ ಗ್ರಂಥಸ್ಥ ಕನ್ನಡ ಆಡಿದರೆ ಹಾಸ್ಯಗಾರ ಊರಿನ ಮಾತಿಗೆ ಇಳಿಯುತ್ತಾನೆ, ಸಭೆ ನಗುವುದು ಆಗಲೇ. ಕಿರುತೆರೆಯ ಅಚ್ಚು ಎಲ್ಲಿಂದಲೋ ಬಂದಿರಬಹುದು. ಅದರಲ್ಲಿ ಎರೆಯುವ ಮಾತು ಆಯಾ ಊರಿನದೇ ಆಗಬೇಕು. ಕೈಲಾಸಂ ಬೆಂಗಳೂರಿನ ಮನೆಮಾತಿಗೆ ಮಾಡಿದ್ದನ್ನು ಕಾರವಾರ–ಅಂಕೋಲೆಯ ಮಾತಿಗೂ ಮಾಡಬಲ್ಲ ಹಾಸ್ಯ ಬರಹಗಾರರಿಗೆ ಕನ್ನಡದ ವಾಹಿನಿಗಳು ಜಾಗ ಕೊಡಬೇಕಾಗಿದೆ.